ಎರೆಭೂಮಿಯ ಕೋಳಿಗೆ ಗುಡ್ಡದ ಹರಳು

ರೋಣ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದ ಗುಡ್ಡವ್ವ, ರೋಣದ ಹೊರಕೇರಿಯ ದ್ಯಾಮಪ್ಪನ ಮನೆಗೆ ಸೊಸೆಯಾಗಿ ಬರುವಾಗ ಎರಡು ಸೀರೆ, ಒಂದು ತಾಮ್ರದ ಕೊಡ ತಂದಳು. ಅದರ ಜೊತೆಗೆ ಬಿದಿರು ಬುಟ್ಟಿಯಲ್ಲಿ ತತ್ತಿ ಇಡುವ ಐದು ಹ್ಯಾಟೆ, ಒಂದು ಹುಂಜ. ಸೀರೆಯನ್ನೂ ಕೊಡವನ್ನೂ ನೋಡಿ ತಲೆಯಾಡಿಸಿದ ಅತ್ತೆ ಮುದುಕವ್ವ, ಬುಟ್ಟಿಯೊಳಗಿಂದ ಕೊಕ್ಕೊಕ್ಕೊ ಅನ್ನುವ ಸದ್ದು ಕೇಳಿದ್ದೇ ಹೊಸ್ತಿಲಲ್ಲಿ ನಿಂತುಬಿಟ್ಟಳು.

"ಇವನ್ನ ಯಾಕ ತಂದಿ ಯವ್ವಾ? ನಮ್ಮ ಮನಿಗೆ ಕೋಳಿ ಆಗಿ ಬರೂದಿಲ್ಲ."

"ಆಗಿ ಬರೂದಿಲ್ಲ ಅಂದರ ಹ್ಯಾಂಗ್ರಿ ಅತ್ತಿ? ಕೋಳಿ ಅಂದಮ್ಯಾಲ ಕೆದರತಾವ, ತಿಂತಾವ, ತತ್ತಿ ಇಡತಾವ. ಅದರಾಗ ಆಗಿ ಬರೂದೇನ ಬಂತು?"

ಮುದುಕವ್ವ ಒಳಗೆ ಹೋದಳು. ಹತ್ತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ ದ್ಯಾಮಪ್ಪ ಅವ್ವನ ಮುಖವನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿ, ಬುಟ್ಟಿಯನ್ನು ಹಿತ್ತಲಿಗೆ ಒಯ್ದಿಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಸಂಜೆಯೊಳಗೆ ಹಳೆಯ ಹಂದರದ ಕಟ್ಟಿಗೆ ಕಡಿದು ಒಂದು ಗೂಡು ಮಾಡಿಕೊಟ್ಟ. ಹೆಂಡತಿಯ ಪರವಾಗಿ ಅವನು ಆಡಿದ ಮಾತು ಅಂದರೆ ಅದೇ.

ಗುಡ್ಡವ್ವನಿಗೆ ಆಗ ಹತ್ತೊಂಬತ್ತು. ಅವಳ ತಾಯಿ ಗಜೇಂದ್ರಗಡದ ಓಣಿ ಓಣಿ ತಿರುಗಿ, ಸವೆದು ನುಣುಪಾದ ಬೀಸುಕಲ್ಲುಗಳು ಮತ್ತೆ ಕಾಳು ಅರೆಯುವಂತೆ ಉಳಿಯಿಂದ ಮುಳ್ಳು ಹೊಡೆದುಕೊಡುವವಳು. ಮನೆಯ ಸುತ್ತ ಕೆಂಪು ಹರಳು, ಬೆಣಚುಕಲ್ಲು, ಉಳಿಯ ಬಾಯಿಂದ ಸಿಡಿದ ಚೂರು. ಅಂಥಲ್ಲಿ ಕೋಳಿ ಸಾಕುವುದು ಒಂದು ಕೆಲಸ ಅಂತಲೇ ಯಾರಿಗೂ ಅನ್ನಿಸಿರಲಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಆಯಿತು, ಸಂಜೆ ಮುಚ್ಚಿದರೆ ಆಯಿತು. ರೋಣದಲ್ಲಿ ಮಾತ್ರ ಎತ್ತ ನೋಡಿದರೂ ಕರಿಮಣ್ಣು. ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಮೆತ್ತುವ ಎರೆ, ಬಿಸಿಲು ಬಿದ್ದರೆ ಬಾಯಿ ಬಿಡುವ ಎರೆ. ಅವರ ಕೇರಿಯಲ್ಲಂತೂ ನಾಯಿಗೆ ಹೊಡೆಯಬೇಕೆಂದರೂ ಕಲ್ಲಿಲ್ಲ, ಮಣ್ಣಿನ ಹೆಂಟೆಯನ್ನೇ ಹುಡುಕಬೇಕು.

ಬೇಸಿಗೆಯಲ್ಲಿ ಬಂದ ಕೋಳಿಗಳು ದೀಪಾವಳಿಯ ಹೊತ್ತಿಗೆ ಮಂಕಾದವು. ಬೆಳಿಗ್ಗೆ ಗೂಡು ತೆಗೆದರೆ ಕುತ್ತಿಗೆಯ ಕೆಳಗಿನ ಮೇವಿನ ಚೀಲ ನಿನ್ನೆ ತಿಂದ ಜೋಳದಿಂದ ಹಾಗೇ ಗಟ್ಟಿಯಾಗಿರುತ್ತಿತ್ತು. ತಿಂದದ್ದು ಕೆಳಗಿಳಿಯುತ್ತಿರಲಿಲ್ಲ. ಬಾಯಿ ಹುಳಿ ನಾತ. ಚುಕ್ಕೆ ಹ್ಯಾಟೆ ಒಂದು ದಿನ ಚಿಪ್ಪೇ ಇಲ್ಲದ ತತ್ತಿ ಇಟ್ಟಿತು. ತೆಳ್ಳನೆಯ ತೊಗಲಿನೊಳಗೆ ನೀರು ತುಂಬಿದಂತೆ ಮೆತ್ತಗಿನ ತತ್ತಿ. ಗುಡ್ಡವ್ವ ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿರುವಾಗಲೇ ಮುದುಕವ್ವ ಹಿತ್ತಲಿಗೆ ಬಂದಳು.

"ಒಗಿ ಅದನ್ನ! ಒಗಿ ಮೊದಲ! ನಾಕ ತಿಂಗಳ ಬಸುರಿ ನೀನು, ತೊಗಲತತ್ತಿ ಕೈಯಾಗ ಹಿಡಕೊಂಡು ನಿಂತೀಯಲ್ಲ!"

ಆವತ್ತೇ ಗುಡ್ಡವ್ವನಿಗೆ ಅತ್ತೆಯ ಮನಸ್ಸಿನಲ್ಲಿದ್ದದ್ದು ತಿಳಿದದ್ದು. ಇಪ್ಪತ್ತು ವರ್ಷದ ಹಿಂದೆ ಮುದುಕವ್ವನೂ ಕೋಳಿ ಸಾಕಿದ್ದಳು. ಅವೂ ಹೀಗೇ ಮಂಕಾಗಿ, ಹೀಗೇ ತೊಗಲತತ್ತಿ ಇಟ್ಟು, ಒಂದೊಂದಾಗಿ ಸತ್ತಿದ್ದವು. ಅದೇ ವರ್ಷ ಅವಳ ಎರಡನೆಯ ಕೂಸು, ಒಂದು ಹೆಣ್ಣುಮಗು, ಮೂರು ತಿಂಗಳದ್ದಿದ್ದಾಗ ತೀರಿಕೊಂಡಿತ್ತು. "ಕೋಳಿ ಸಾಕಬ್ಯಾಡ ಅಂತ ನಮ್ಮತ್ತಿ ಬಡಕೊಂಡಿದ್ದಳು. ನಾ ಕೇಳಲಿಲ್ಲ," ಅಂದಳು ಮುದುಕವ್ವ. ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, "ನಾಳೆ ಇವನ್ನೆಲ್ಲ ಯಾರಿಗರೆ ಕೊಟ್ಟುಬಿಡು," ಅಂದಳು.

ಬೈಗುಳವಾಗಿದ್ದರೆ ಗುಡ್ಡವ್ವ ತಿರುಗಿ ಬೈಯುತ್ತಿದ್ದಳೇನೋ. ಇದು ಬೈಗುಳವಲ್ಲ, ಅಳು. ಆದರೆ ಕೊಟ್ಟುಬಿಡಲು ಮನಸ್ಸೂ ಒಪ್ಪಲಿಲ್ಲ. ಕೋಳಿ ಸೊರಗುತ್ತಿರುವುದು ಖರೆ. ಯಾಕೆ ಸೊರಗುತ್ತಿವೆ ಅನ್ನುವುದನ್ನು ತಿಳಿಯದೆ ಕೈಬಿಟ್ಟರೆ, ಹುಟ್ಟುವ ಕೂಸಿಗೆ ನೆಗಡಿಯಾದರೂ ಈ ಮನೆಯಲ್ಲಿ ತಪ್ಪು ತನ್ನ ಬುಟ್ಟಿಯದೇ ಆಗುತ್ತದೆ.

ಮರುದಿನ ಬೆಳಿಗ್ಗೆ ಒಂದು ಕರಿ ಹ್ಯಾಟೆ ಸತ್ತು ಬಿದ್ದಿತ್ತು. ತಿಪ್ಪೆಗೆ ಒಗೆದು ಬಾ ಅಂದಳು ಅತ್ತೆ. ಗುಡ್ಡವ್ವ ಅದನ್ನು ಹಿತ್ತಲ ಮೂಲೆಗೆ ಒಯ್ದು, ಈಳಿಗೆ ತಂದು ಕುಳಿತಳು. ತವರಿನಲ್ಲಿ ಕೋಳಿ ಕೊಯ್ದಾಗಲೆಲ್ಲ ಒಳಗಿನ ಚೀಲ ತೊಳೆಯುವ ಕೆಲಸ ಅವಳದೇ ಇತ್ತು. ಕಾಳು ಅರೆಯುವ ಆ ಗಟ್ಟಿ ಚೀಲವನ್ನು ಸೀಳಿದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ಹರಳು ಬೀಳುತ್ತಿತ್ತು. ಕೆಂಪು, ಬಿಳಿ, ಉಜ್ಜಿ ಉಜ್ಜಿ ಗುಂಡಗಾದ ಹರಳು. ಈಗ ಸೀಳಿದರೆ ಅಲ್ಲಿ ಒಡೆದ ಗಾಜಿನ ಬಳೆಯ ಎರಡು ಚೂರು, ಒಂದು ಅಂಗಿಯ ಗುಂಡಿ, ಹಳದಿ ನೀರು. ಜೋಳ ಇಡಿಯಾಗಿಯೇ ಕೊಳೆತಿತ್ತು.

ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಕಾಳನ್ನು ಒಳಗಿನ ಕಲ್ಲೇ ಬೀಸಬೇಕು. ಕಲ್ಲು ಸಿಗದೆ ಪಾಪ, ಬಳೆಚೂರನ್ನೂ ಗುಂಡಿಯನ್ನೂ ನುಂಗಿದೆ. ಬೀಸುಕಲ್ಲಿಗೆ ಮುಳ್ಳು ಹೊಡೆಯುವವಳ ಮಗಳಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಚೂರುಗಳನ್ನು ತೊಳೆದು, ಎಲೆಯ ಮೇಲಿಟ್ಟುಕೊಂಡು ಅತ್ತೆಯ ಮುಂದೆ ಹಿಡಿದಳು.

"ನೋಡ್ರಿ ಅತ್ತಿ. ನಮ್ಮ ಊರಾಗ ಇದರಾಗ ಹರಳ ಇರತಿದ್ದವು. ಇಲ್ಲಿ ಮಣ್ಣಾಗ ಹರಳ ಇಲ್ಲ. ಕೋಳಿ ಹೊಟ್ಯಾಗ ಕಲ್ಲ ಇಲ್ಲದ ಸತ್ತಾವ್ರಿ. ಮನಿ ತಪ್ಪಲ್ಲ, ನಿಮ್ಮ ತಪ್ಪಲ್ಲ."

ಮುದುಕವ್ವ ಬಳೆಚೂರನ್ನು ಬೆರಳಿನಿಂದ ಹೊರಳಿಸಿದಳು. "ಹಂಗಾದರ ಆ ಕೂಸು?" ಅಂದಳು.

ಗುಡ್ಡವ್ವನಿಗೆ ಸುಳ್ಳು ಹೇಳಲು ಬರಲಿಲ್ಲ. "ಅದು ನನಗ ಗೊತ್ತಿಲ್ರಿ. ಕೋಳೀದು ಅಷ್ಟ ಗೊತ್ತಾತು. ಇನ್ನೆರಡ ತಿಂಗಳು, ಬನದ ಹುಣ್ಣಿವಿತನಕ ಬಿಡ್ರಿ. ಅಷ್ಟರಾಗ ಇವು ನೆಟ್ಟಗಾಗಲಿಲ್ಲ ಅಂದರ ನಾನ ನನ್ನ ಕೈಲೆ ಕೊಟ್ಟು ಬರತೀನಿ."

ಮುದುಕವ್ವ ಚೂರುಗಳನ್ನು ಎಲೆಯಲ್ಲಿ ಮಡಚಿ ಸೊಸೆಯ ಕೈಗೆ ಕೊಟ್ಟಳು.

ಸೋಮವಾರ ಗುಡ್ಡವ್ವ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋದಳು. ಮಗಳು ಬಂದಳೆಂದು ತಾಯಿ ಉಡಿಯಕ್ಕಿ ತೆಗೆದಿಟ್ಟರೆ, ಮಗಳು ಜೋಳದ ಜರಡಿ ಕೇಳಿ ಇಸಿದುಕೊಂಡು ಗುಡ್ಡದ ಕಡೆ ನಡೆದಳು. ದೊಡ್ಡ ಕಲ್ಲು ಆರಿಸಿ ಎಸೆದಳು. ಮಣ್ಣು ಜರಡಿಯ ಕೆಳಗೆ ಸೋರಿತು. ಜೋಳದ ಕಾಳಿನಷ್ಟು, ತೊಗರಿಯಷ್ಟು ಇದ್ದ ಗಟ್ಟಿ ಹರಳಷ್ಟೇ ಚೀಲಕ್ಕೆ ಬಿತ್ತು. ತಾಯಿ ಗಲ್ಲಕ್ಕೆ ಕೈಯಿಟ್ಟಳು.

"ತವರಿಂದ ಬುತ್ತಿ ಒಯ್ಯೋರನ್ನ ನೋಡೀನಿ, ಕುಬಸ ಒಯ್ಯೋರನ್ನ ನೋಡೀನಿ. ಕಲ್ಲ ಒಯ್ಯೋ ಮಗಳನ್ನ ನಾನ ಹಡದೆ ನೋಡು!"

"ಅಲ್ಲಿ ಇಲ್ಲದ್ದನ್ನ ಒಯ್ಯಬೇಕಲ್ಲವ್ವಾ, ಇದ್ದದ್ದನ್ನ ಒಯ್ದು ಏನ ಮಾಡಲಿ?"

ಬಸ್ಸಿನಲ್ಲಿ ಕಂಡಕ್ಟರ್ ಯಮನೂರಸಾಬ ಚೀಲವನ್ನು ಕಾಲಿನಿಂದ ತಳ್ಳಿ ನೋಡಿದ. ಅದು ಅಲುಗಲಿಲ್ಲ.

"ಏನೈತವ್ವಾ ಇದರಾಗ?"

"ಕಲ್ಲ."

"ಕಲ್ಲ? ರೋಣದಾಗ ಯಾರ ಮ್ಯಾಲ ಒಗೀತಿ?"

"ಯಾರ ಮ್ಯಾಲೂ ಇಲ್ರಿ. ಕೋಳಿಗೆ ತಿನಸ್ತೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ಗುಡ್ಡವ್ವ ನಗಲೂ ಇಲ್ಲ, ನಾಚಲೂ ಇಲ್ಲ. ಚೀಲದ ಬಾಯಿ ಬಿಗಿಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತಳು. ಸೂಡಿ ಊರು ದಾಟಿ ಕೆಂಪುನೆಲ ಹಿಂದೆ ಬಿದ್ದು ಕರಿನೆಲ ಹತ್ತಿದಾಗ, ತನ್ನ ಮಾತು ಇವರಿಗೆ ಹೇಗೆ ಕೇಳಿಸಿರಬೇಕು ಅಂತ ಅವಳಿಗೂ ಹೊಳೆಯಿತು. ರೋಣದಲ್ಲಿ ಇಳಿಯುವಾಗ ಅವಳ ಹೊಟ್ಟೆ ನೋಡಿ ಯಮನೂರಸಾಬನೇ ಚೀಲ ಎತ್ತಿ ಕೆಳಗಿಟ್ಟ. "ತಿಂದವಂದರ ಹೇಳವ್ವಾ, ನಮ್ಮ ಮನ್ಯಾಗೂ ಅದಾವ," ಅಂದ.

ತಿಂದವು. ಒಡೆದ ಗಡಿಗೆಯ ಬೋಕಿಯಲ್ಲಿ ಹರಳು ಸುರಿದಿಟ್ಟದ್ದೇ ತಡ, ಉಳಿದ ನಾಲ್ಕು ಹ್ಯಾಟೆ, ಹುಂಜ ಹಸಿದ ಮಕ್ಕಳು ಮಂಡಕ್ಕಿಗೆ ಬಿದ್ದಂತೆ ಬಿದ್ದವು. ಆ ಒಂದು ವಾರ ಗುಡ್ಡವ್ವ ಇಡಿ ಜೋಳ ನಿಲ್ಲಿಸಿ, ನೆನೆದ ನುಚ್ಚನ್ನು ಸ್ವಲ್ಪ ಸ್ವಲ್ಪವೇ ಹಾಕಿದಳು. ದಿನಾ ನಸುಕಿನಲ್ಲಿ ಎದ್ದು ಒಂದೊಂದರ ಮೇವಿನ ಚೀಲ ಒತ್ತಿ ನೋಡಿದಳು. ಎಂಟನೆಯ ದಿನ ನಾಲ್ಕರ ಚೀಲವೂ ಬರಿದಾಗಿತ್ತು. ಹುಂಜ ಬೆಳಗಾಗುವ ಮೊದಲೇ ಕೂಗಿತು.

ಆದರೆ ತತ್ತಿ ಮಾತ್ರ ತೊಗಲಿನದೇ. ಕೆಲವಕ್ಕೆ ಚಿಪ್ಪಿದ್ದರೂ ಬೆರಳು ತಾಗಿದರೆ ಒಡೆಯುವಷ್ಟು ತೆಳು. ಮುದುಕವ್ವ ಹಿತ್ತಲಿಗೆ ಬರುವುದನ್ನೇ ಬಿಟ್ಟಿದ್ದಳು. ಬನದ ಹುಣ್ಣಿಮೆಗೆ ಇನ್ನು ಒಂದು ತಿಂಗಳಿತ್ತು.

ಅಂಥದರಲ್ಲಿ ಒಂದು ಮಧ್ಯಾಹ್ನ ಪಕ್ಕದ ಮನೆಯ ಮುಮತಾಜಬಿ ಕಸಬರಿಗೆ ಹಿಡಿದುಕೊಂಡೇ ಬಂದಳು. ಅವಳ ಗಂಡ ಮಹಮ್ಮದಸಾಬ ಗೌಂಡಿ. ಊರಿನ ಗಚ್ಚಿನ ಮನೆಗಳಲ್ಲಿ ಅರ್ಧ ಅವನು ಕಟ್ಟಿದ್ದು.

"ಗುಡ್ಡವ್ವಾ, ನಿನ್ನ ಕೋಳಿಗೆ ತಿನ್ನಾಕ ಏನರೆ ಹಾಕತೀಯೋ ಇಲ್ಲೋ? ನಮ್ಮ ಗ್ವಾಡಿ ತಿನ್ನಾಕ ಹತ್ಯಾವ!"

"ಗ್ವಾಡಿ ತಿಂತಾವ?"

"ಬಾ, ಬಂದು ನೋಡ ಬಾ!"

ಹೋಗಿ ನೋಡಿದರೆ ಖರೆ. ಮುಮತಾಜಬಿಯ ಹಿತ್ತಲ ಗೋಡೆಗೆ ಮೆತ್ತಿದ ಹಳೆಯ ಸುಣ್ಣದ ಗಚ್ಚು ಮೊಣಕಾಲೆತ್ತರದ ತನಕ ಕುಕ್ಕಿ ಕುಕ್ಕಿ ತೂತಾಗಿತ್ತು. ಚುಕ್ಕೆ ಹ್ಯಾಟೆ ಇನ್ನೂ ಅಲ್ಲೇ ನಿಂತು, ಉದುರಿದ ಬಿಳಿ ಚೂರನ್ನು ನುಂಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೋಳಿಯನ್ನು ಹೊಡೆದು ಓಡಿಸುತ್ತಿದ್ದರು. ಗುಡ್ಡವ್ವ ಕುಕ್ಕರಗಾಲಿನಲ್ಲಿ ಕುಳಿತು ಆ ಹ್ಯಾಟೆ ಏನು ಆರಿಸುತ್ತದೆ, ಏನು ಬಿಡುತ್ತದೆ ಅಂತ ನೋಡತೊಡಗಿದಳು. ಮಣ್ಣು ಬಿಡುತ್ತಿತ್ತು. ಸುಣ್ಣವನ್ನಷ್ಟೇ ಆರಿಸುತ್ತಿತ್ತು.

"ಅಕ್ಕಾ," ಅಂದಳು ಮೆಲ್ಲಗೆ, "ತತ್ತಿ ಚಿಪ್ಪ ಸುಣ್ಣದಂಗ ಇರತೈತಲ್ಲ."

"ಇರತೈತಿ. ಅದಕ್ಕ?"

"ಅದಕ್ಕ ಸುಣ್ಣ ಬೇಕಲ್ಲ!"

ಮನೆಗೆ ಓಡಿಬಂದವಳೇ ಅತ್ತೆಯ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ನುಚ್ಚಿಗೆ ಕಲಸಿ ಕೋಳಿಗೆ ಹಾಕಿದಳು. ಅವಸರದ ಕೆಲಸ. ಎರಡು ಕೊಕ್ಕು ತಿಂದ ಕೆಂಪು ಹ್ಯಾಟೆ ತಲೆ ಕೊಡವುತ್ತ, ನೀರಿಗೆ ಬಾಯಿ ಹಾಕುತ್ತ, ಸಂಜೆಯ ಹೊತ್ತಿಗೆ ಗಂಟಲು ಬಾತು ಮೂಲೆ ಹಿಡಿಯಿತು. ಮೂರು ದಿನ ಅದು ಏನೂ ತಿನ್ನಲಿಲ್ಲ. ಗುಡ್ಡವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಜ್ಜಿಗೆಯ ತಿಳಿಯನ್ನು ಹನಿ ಹನಿಯಾಗಿ ಬಿಡುತ್ತ, ತನ್ನನ್ನು ತಾನೇ ಬೈದುಕೊಂಡಳು. ಆ ಮೂರು ದಿನ ಅವಳಿಗೂ ಊಟ ಸೇರಲಿಲ್ಲ. ಹ್ಯಾಟೆ ಬದುಕಿತು.

ಸಂಗತಿ ಕೇಳಿದ ಮಹಮ್ಮದಸಾಬ ಗೋಡೆಯ ಆಚೆಯಿಂದಲೇ ನಕ್ಕ. "ಹಸೀ ಸುಣ್ಣ ಗೌಂಡಿ ಕೈನ ಸುಡತೈತಿ, ಕೋಳಿ ಬಾಯಿ ಬಿಡತೈತೇನು ತಂಗಿ? ಹಳೇ ಗಚ್ಚಿನಾಗಿನ ಸುಣ್ಣ ಸತ್ತಿರತೈತಿ, ಅದರಾಗ ಸುಡೋ ಶಕ್ತಿ ಇರೂದಿಲ್ಲ. ಪ್ಯಾಟ್ಯಾಗ ಒಂದು ಹಳೇ ಮನಿ ಕೆಡವಾಕ ಹತ್ತೇವಿ. ನಾಳೆ ಒಂದು ಬುಟ್ಟಿ ತಂದು ಒಗೀತೀನಿ. ನಮ್ಮ ಗ್ವಾಡಿ ಬಿಟ್ಟರ ಸಾಕು."

ಗಚ್ಚು ಬಂತು. ಗುಡ್ಡವ್ವ ಅದನ್ನು ಒಡಕು ಬೀಸುಕಲ್ಲಿನ ಮೇಲೆ ಕುಟ್ಟಿ, ಇನ್ನೊಂದು ಬೋಕಿಗೆ ತುಂಬಿ ಹರಳಿನ ಬೋಕಿಯಿಂದ ದೂರ ಇಟ್ಟಳು. ಎರಡನ್ನೂ ಕಾಳಿಗೆ ಬೆರೆಸಲಿಲ್ಲ. ಯಾವುದಕ್ಕೆ ಎಷ್ಟು ಬೇಕೆಂಬುದು ಕೋಳಿಗೇ ಗೊತ್ತು ಅನ್ನುವುದನ್ನು ಅವಳು ಮುಮತಾಜಬಿಯ ಗೋಡೆಯ ಹತ್ತಿರವೇ ಕಲಿತಿದ್ದಳು. ಹುಂಜ ಗಚ್ಚಿನ ಕಡೆ ತಿರುಗಿ ನೋಡುತ್ತಿರಲಿಲ್ಲ. ತತ್ತಿಗೆ ಬಂದ ಹ್ಯಾಟೆಗಳು ಸಂಜೆ ತಪ್ಪದೆ ಅದಕ್ಕೆ ಬಾಯಿ ಹಾಕುತ್ತಿದ್ದವು. ಮುಮತಾಜಬಿ ತನ್ನ ಮನೆಯ ತತ್ತಿಚಿಪ್ಪುಗಳನ್ನೂ ಕೂಡಿಸಿ ಕೊಡತೊಡಗಿದಳು. ಚಿಪ್ಪನ್ನು ಹಾಗೇ ಹಾಕಿದರೆ ಕೋಳಿ ರುಚಿ ಹತ್ತಿ ತನ್ನ ತತ್ತಿಯನ್ನೇ ಒಡೆದು ತಿನ್ನುತ್ತದೆ ಅಂತ ಅವಳೇ ಹೇಳಿದ್ದರಿಂದ, ಗುಡ್ಡವ್ವ ಅವನ್ನು ಹಂಚಿನ ಮೇಲೆ ಹುರಿದು, ಗುರುತು ಸಿಗದಂತೆ ಪುಡಿ ಮಾಡುತ್ತಿದ್ದಳು.

ಬನದ ಹುಣ್ಣಿಮೆಗೆ ಆರು ದಿನ ಇದೆ ಅನ್ನುವಾಗ ಚುಕ್ಕೆ ಹ್ಯಾಟೆ ಇಟ್ಟ ತತ್ತಿಯನ್ನು ಗುಡ್ಡವ್ವ ಉಗುರಿನಿಂದ ಟಕ್ಕನೆ ಬಡಿದು ನೋಡಿದಳು. ಗಟ್ಟಿ. ಒಳಗೆ ಬಂದು, ಅಕ್ಕಿ ಆರಿಸುತ್ತಿದ್ದ ಅತ್ತೆಯ ಮೊರದಲ್ಲಿ ಅದನ್ನು ಇಟ್ಟಳು. ಅಕ್ಕಿಯ ಮೇಲೆ ಅದು ಉರುಳಿ ಮುದುಕವ್ವನ ಕೈಗೆ ತಾಗಿ ನಿಂತಿತು. ಮುದುಕವ್ವ ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು, ಬೆಳಕಿಗೆ ಹಿಡಿದಳು, ಮತ್ತೆ ಇಟ್ಟಳು.

"ಇನ್ನೂ ಬೆಚ್ಚಗೈತಿ," ಅಂದಳು.

ಹುಣ್ಣಿಮೆ ಬಂತು, ಹೋಯಿತು. ಕೋಳಿ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಶಿವರಾತ್ರಿಯ ಸುಮಾರಿಗೆ ಹೊಸದೊಂದು ತೊಡಕು ಎದ್ದಿತು. ಕೋಳಿಗಳು ದುಂಡಗೆ ಕೊಬ್ಬಿ, ನಡೆಯುವಾಗ ಅತ್ತಿತ್ತ ವಾಲಾಡುತ್ತ, ತತ್ತಿಯನ್ನೇ ನಿಲ್ಲಿಸಿದವು. ಹರಳಿದೆ, ಗಚ್ಚಿದೆ, ನೀರಿದೆ. ಹಾಕಿದ ಜೋಳವನ್ನು ಮುಟ್ಟದೆ ಹಾಗೇ ಬಿಡುತ್ತಿವೆ. ಗುಡ್ಡವ್ವ ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೆಯ ದಿನ ಹಳ್ಳಕ್ಕೆ ಬಟ್ಟೆ ಒಗೆಯಲು ಹೋದವಳು ಒಂದು ಸೀರೆ ಮರೆತೆನೆಂದು ಅರ್ಧ ದಾರಿಯಿಂದ ತಿರುಗಿ ಬಂದಾಗ ಹಿತ್ತಲಲ್ಲಿ ಪಿಸುಮಾತು ಕೇಳಿಸಿತು.

"ತಿನ್ನ ನನ ಚುಕ್ಕಿ, ತಿನ್ನ. ಆಕಿ ಬರೂದರಾಗ ತಿನ್ನ. ಬರೇ ಕಲ್ಲ, ಸುಣ್ಣ ತಿಂದು ಯಾವ ಜೀವ ಬದುಕತೈತಿ?"

ಮುದುಕವ್ವ ಕಾಲು ಚಾಚಿ ಕುಳಿತಿದ್ದಳು. ಮಡಿಲಲ್ಲಿ ತುಪ್ಪ ಸವರಿದ ರೊಟ್ಟಿ, ಹುರಿದ ಶೇಂಗಾ, ನಿನ್ನೆಯ ಸಜ್ಜಕ. ನಾಲ್ಕು ಹ್ಯಾಟೆಗಳೂ ಅವಳ ಸೀರೆಯ ಮೇಲೆ ಹತ್ತಿ ನಿಂತಿದ್ದವು.

ಸೊಸೆಯನ್ನು ಕಂಡು ಅತ್ತೆಯ ಕೈ ನಿಂತಿತು. ಗುಡ್ಡವ್ವನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎರಡನ್ನೂ ನುಂಗಿ ಪಕ್ಕದಲ್ಲಿ ಕುಳಿತಳು.

"ಅತ್ತಿ, ಹಬ್ಬದ ಊಟ ದಿನಾ ಉಂಡರ ನಿಮಗ ಹೆಂಗಾಗತೈತಿ?"

"ಹೊಟ್ಟಿ ಕೆಡತೈತಿ."

"ಅವಕ್ಕೂ ಕೆಟ್ಟೈತ್ರಿ. ಕೊಬ್ಬಿದ ಕೋಳಿ ತತ್ತಿ ಇಡೂದಿಲ್ಲ. ಹಾಕಬ್ಯಾಡ್ರಿ ಅನ್ನೂದಿಲ್ಲ ನಾನು. ಮೊದಲ ಜೋಳ ತಿನ್ನಲಿ. ಸಂಜಿಮುಂದ ನಿಮ್ಮ ಕೈಲೆ ಒಂದ ಮುಷ್ಟಿ ಹಾಕ್ರಿ. ಸವತಿಕಾಯಿ ತಿರುಳು, ಪುಂಡಿಪಲ್ಯದ ತಪ್ಪಲಾ, ಮೆಣಸಿನಕಾಯಿ ಬೀಜ, ರೊಟ್ಟಿ ಚೂರು. ತುಪ್ಪಾ ಬ್ಯಾಡ, ಉಪ್ಪಿಂದು ಬ್ಯಾಡ."

"ಒಂದ ಮುಷ್ಟಿ ಅಂದರ, ನಿನ್ನ ಮುಷ್ಟಿನೋ ನನ್ನ ಮುಷ್ಟಿನೋ?"

"ನಿಮ್ಮದ್ರಿ."

ಮುದುಕವ್ವನ ಕೈ ದೊಡ್ಡದು. ಒಪ್ಪಿದಳು.

ಅಷ್ಟರಲ್ಲಿ ಗುಡ್ಡವ್ವ ಹೆರಿಗೆಗೆ ತವರಿಗೆ ಹೋಗುವ ದಿನ ಬಂತು. ಹೋಗುವ ಮುನ್ನ ಅತ್ತೆಗೆ ಎಲ್ಲ ತೋರಿಸಿದಳು: ಹರಳು ಮುಗಿದರೆ ಯಮನೂರಸಾಬನ ಕೈಯಲ್ಲಿ ಚೀಲ ಕೊಟ್ಟು ಕಳಿಸಬೇಕು, ಅವ್ವ ತುಂಬಿ ಕಳಿಸುತ್ತಾಳೆ, ಗಚ್ಚು ಮಳೆಗೆ ತೋಯಬಾರದು, ಕಾವಿಗೆ ಕುಳಿತ ಹ್ಯಾಟೆಯನ್ನು ಎಬ್ಬಿಸಬಾರದು. ಮುದುಕವ್ವ ಎಲ್ಲದಕ್ಕೂ ಹೂಂ ಅಂದಳು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಸೊಸೆಯ ಕೈ ಹಿಡಿದು, "ನೀ ಕೋಳಿ ಚಿಂತಿ ಬಿಡು, ನಿನ್ನ ಚಿಂತಿ ಮಾಡಕೋ," ಅಂದಳು. ಗುಡ್ಡವ್ವ ಬಸ್ಸು ಎಳೆಯುವ ತನಕ ಕೈ ಬಿಡಿಸಿಕೊಳ್ಳಲಿಲ್ಲ.

ಯುಗಾದಿಯಾದ ಮೇಲೆ ಹೆಣ್ಣು ಹುಟ್ಟಿತು. ಸುದ್ದಿ ಮುಟ್ಟಿದ ಮರುದಿನವೇ ಮುದುಕವ್ವ ಜೋಳದೊಳಗೆ ಹೂತಿಟ್ಟ ಹದಿನಾರು ತತ್ತಿ ಹೊತ್ತುಕೊಂಡು ಗಜೇಂದ್ರಗಡಕ್ಕೆ ಬಂದಳು. ಒಂದೂ ಒಡೆದಿರಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಅದು ಆಕಳಿಸಿದರೂ ಹೆದರಿದಳು, ಸೀನಿದರೂ ಹೆದರಿದಳು. ಮೂರು ತಿಂಗಳು ತುಂಬುವವರೆಗೆ ವಾರಕ್ಕೊಮ್ಮೆ ತಪ್ಪದೆ ಬಂದು ನೋಡಿ ಹೋದಳು. ಆ ಮೂರು ತಿಂಗಳು ದಾಟಿದ ದಿನ ಕೂಸಿನ ಅಂಗಾಲಿಗೆ ಕಾಡಿಗೆಯ ಬೊಟ್ಟಿಟ್ಟು, ಮೊದಲ ಸಲ ಗಟ್ಟಿಯಾಗಿ ನಕ್ಕಳು.

ಗುಡ್ಡವ್ವ ಕೂಸಿನೊಂದಿಗೆ ರೋಣಕ್ಕೆ ಮರಳಿದಾಗ ಹಿತ್ತಲಲ್ಲಿ ದೊಡ್ಡವು ಸಣ್ಣವು ಸೇರಿ ಹತ್ತೊಂಬತ್ತು ಕೋಳಿ. ಹೊರಕೇರಿಯ ಹೆಂಗಸರು ಹರಳು ಕೇಳಿಕೊಂಡು ಮುದುಕವ್ವನ ಹತ್ತಿರ ಬರುತ್ತಿದ್ದರು. ಅವಳು ಅವರಿಗೆಲ್ಲ ಪಾಠ ಹೇಳುತ್ತಿದ್ದಳು, ಸ್ವಲ್ಪ ಜೋರಾಗಿಯೇ.

ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕೇರಿಗೆ ಕೋಳಿಬೇನೆ ಬಿತ್ತು. ಕತ್ತು ತಿರುಚಿ, ಹಸಿರಾಗಿ ಉಚ್ಚಿಕೊಂಡು, ನಿಂತಲ್ಲೇ ಬೀಳುವ ಬೇನೆ. ಹರಳಿಗೂ ಗಚ್ಚಿಗೂ ಅದು ಬಗ್ಗುವಂಥದ್ದಲ್ಲ. ಐದೇ ದಿನದಲ್ಲಿ ಚುಕ್ಕೆ ಹ್ಯಾಟೆ ಹೋಯಿತು, ಹುಂಜ ಹೋಯಿತು, ಮರಿಗಳು ಹೋದವು. ದ್ಯಾಮಪ್ಪ ಊರಾಚೆ ಕುಣಿ ತೋಡಿ ತೋಡಿ ಹೂತು ಬಂದ. ಉಳಿದದ್ದು ಗಂಟಲು ಸುಟ್ಟುಕೊಂಡು ಬದುಕಿದ್ದ ಆ ಕೆಂಪು ಹ್ಯಾಟೆ ಒಂದೇ.

ಗುಡ್ಡವ್ವ ಬರಿದಾದ ಗೂಡನ್ನು ಬೂದಿ ಹಾಕಿ ತಿಕ್ಕಿದಳು. ಅತ್ತೆ ಈಗ ಏನು ಅನ್ನುತ್ತಾಳೆ ಅಂತ ಅವಳ ಬೆನ್ನು ಕಾಯುತ್ತಿತ್ತು. ಮುದುಕವ್ವ ಕೂಸನ್ನು ಸೊಂಟದ ಮೇಲೆ ಹೊತ್ತು ಹಿತ್ತಲಿಗೆ ಬಂದಳು, ಗೂಡು ನೋಡಿದಳು, ಗೋಡೆಯ ಕಡೆ ತಿರುಗಿದಳು.

"ಮುಮತಾಜಾ! ಏ ಮುಮತಾಜಾ! ನಿನ್ನ ತವರೂರಾಗ ಬ್ಯಾನಿ ಇಲ್ಲಂತಲ್ಲ, ಅಲ್ಲಿಂದ ಹದಿಮೂರ ತತ್ತಿ ತರಸು. ನಮ್ಮ ಕೆಂಪೀನ ಕಾವಿಗೆ ಕೂಡಸ್ತೀವಿ."

ಗುಡ್ಡವ್ವ ತಲೆಯೆತ್ತದೆ ಗೂಡು ತಿಕ್ಕುತ್ತಲೇ ಇದ್ದಳು.